ವಾಹನವಿಮೆಯಲ್ಲಿ ಚಾಲಕನ ಹೆಸರು
(ಕುಂಕಳ್ಳಿಯಲ್ಲಿ ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ಇಂತಹ ಹಬ್ಬದ ದಿನ ವೇದಿಕೆಯನ್ನೇರಿದವರು ನಾಡುನುಡಿಯನ್ನು ಕುರಿತು ನಾಲ್ಕು ಮಾತುಗಳನ್ನಾಡುವುದು ವಾಡಿಕೆ. ನಮಗಿಂತ ಮುಂಚೆ ಮಾತನಾಡಿದ ಮಹನೀಯರು ಆ ಕಾರ್ಯವನ್ನು ಸೊಗಸಾಗಿ ನೆರವೇರಿಸಿರುವರು. ನಮ್ಮ ಪಾಲಿಗೆ ಕಾರ್ಯಕಾರಿ ಮಂಡಳಿಯವರು ಒಪ್ಪಿಸಿದುದು ಮೋಟಾರು ವಾಹನದ ವಿಮೆಯೆಂಬ ಶುಷ್ಕ ವಿಷಯ. ಮಕ್ಕಳ ನೃತ್ಯಕ್ಕೂ ಊಟಕ್ಕೂ ನಡುವೆ ಇದನ್ನಿರಿಸಿದವರ ಧೈರ್ಯವನ್ನು ಮೆಚ್ಚತಕ್ಕದ್ದೇ ಸರಿ. ಆದರೂ ಇದು ಸಭೆಗೆ ಹೊರಗಿನ ವಿಷಯವೇನೂ ಅಲ್ಲ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳಗಳಿಂದ ಬಂದು ಇಲ್ಲಿಯ ಕೈಗಾರಿಕಾ ವಸಾಹತಿನಲ್ಲಿಯೂ ಕಟ್ಟಡದ ಕೆಲಸಗಳಲ್ಲಿಯೂ ನೆಲೆ ಕಂಡುಕೊಂಡ ನಮ್ಮ ಮನೆಗಳಲ್ಲಿ ಮೊದಲು ಸೈಕಲ್ಲು, ಆಮೇಲೆ ಬೈಕು, ಈಗ ಎಷ್ಟೋ ಮನೆಗಳಲ್ಲಿ ಒಂದು ಹಳೆಯ ಕಾರು ಬಂದು ನಿಂತಿವೆ. ಕಾರು ಒಂದು, ಅದನ್ನು ನಡೆಸುವ ಕೈಗಳು ನಾಲ್ಕಾರು. ಊರ ಜಾತ್ರೆಗೆ ಹೊರಟರೆ ಕಾಣಕೋಣದ ಕರಮಲ ಘಟ್ಟವನ್ನು ತಂದೆ ದಾಟಿಸಿದರೆ ಮಾಜಾಳಿಯಿಂದ ಮುಂದೆ ಮಗ ಕೂಡುವನು. ಮೊಲೆಂ ಮಾರ್ಗವಾಗಿ ಹೋದರೆ ಅನಮೋಡ ಘಟ್ಟವನ್ನು ಅಳಿಯನು ಹತ್ತಿಸುವನು. ನೆರೆಮನೆಯವರಿಗೆ ಅವಸರವಾದಾಗ ಬೀಗದ ಕೈ ಅವರ ಪಾಲಾಗುವುದೂ ಉಂಟು. ಈ ಪದ್ಧತಿಯನ್ನು ನಾವು ದೂಷಿಸತಕ್ಕವರಲ್ಲ. ಪರಸ್ಥಳದಲ್ಲಿ ಬದುಕುವವರಿಗೆ ಇದರಿಂದಲೇ ಆಸರೆ.

ಕಳೆದ ವರ್ಷದ ಸಭೆ ಮುಗಿದ ಮೇಲೆ ನಮ್ಮ ಹಿರಿಯ ಸದಸ್ಯರೊಬ್ಬರು ನಮ್ಮನ್ನು ಬದಿಗೆ ಕರೆದು ಕೇಳಿದರು: “ಸರ, ನಮ್ಮ ಹುಡುಗ ಲೈಸನ್ಸ ತಗದಾನ್ರಿ. ಪಾಲಿಸಿಯೊಳಗ ಅವನ ಹೆಸರ ಹಾಕಿಸಿದ್ರ ರೊಕ್ಕ ಎಷ್ಟ ಏರತೈತ್ರಿ?” ನಾವು, “ಒಂದು ಪೈಸೆಯೂ ಏರದು, ಯಜಮಾನರೆ. ಅಲ್ಲಿ ಅಂತಹ ಹೆಸರು ಹಾಕಿಸುವ ಜಾಗವೇ ಇಲ್ಲ” ಎಂದೆವು. ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಅಂದು ನಿಂತ ನಿಲುವಿನಲ್ಲಿ ಕೊಟ್ಟ ಆ ಉತ್ತರವು ಅರ್ಧ ಉತ್ತರವಾಗಿತ್ತೆಂದು ಆಮೇಲೆ ನಮಗೂ ಅನ್ನಿಸಿತು. ಉಳಿದರ್ಧವನ್ನು ಇಂದು ಸಲ್ಲಿಸುತ್ತೇವೆ.

ನಮ್ಮ ದೇಶದಲ್ಲಿ ವಿಮೆಯು ವಾಹನದ ಬೆನ್ನು ಹತ್ತಿರುವುದೇ ಹೊರತು ಚಾಲಕನ ಬೆನ್ನನ್ನಲ್ಲ. 1939ರ ಮೋಟಾರು ವಾಹನ ಕಾಯಿದೆಯು ವಿಮೆಯನ್ನು ಕಡ್ಡಾಯಗೊಳಿಸಿತು. ಆ ಅಧ್ಯಾಯವು ಜಾರಿಗೆ ಬಂದುದು 1946ರ ಜುಲೈ 1ರಂದು. ಈಗ ನಡೆಯುತ್ತಿರುವುದು 1988ರ ಕಾಯಿದೆ. ಅದರ 146ನೆಯ ಕಲಮಿನ ಪ್ರಕಾರ, ದಾರಿಹೋಕನಿಗೆ, ಎದುರು ಬಂದ ಸವಾರನಿಗೆ, ಕಾಯಿದೆಯ ಮಾತಿನಲ್ಲಿ ‘ಮೂರನೆಯ ಪಕ್ಷ’ದವರಿಗೆ, ಆಗುವ ಹಾನಿಯ ಹೊಣೆಯನ್ನು ವಿಮೆಗೆ ಒಪ್ಪಿಸದೆ ಯಾವ ವಾಹನವೂ ಸಾರ್ವಜನಿಕ ರಸ್ತೆಗೆ ಇಳಿಯಕೂಡದು. ಈ ಭಾಗದ ಕಂತನ್ನು ಸರಕಾರವೇ ಗೊತ್ತುಪಡಿಸುವುದು. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ, 1000 ಸಿ.ಸಿ. ಮೀರದ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿ.ಸಿ.ವರೆಗೆ 3,416, ಅದರ ಮೇಲ್ಪಟ್ಟುದಕ್ಕೆ 7,897, ತೆರಿಗೆ ಬೇರೆ. ಇಂಜಿನ್ನಿನ ಗಾತ್ರವೊಂದರ ಹೊರತು ಬೇರೇನನ್ನೂ ಈ ಪಟ್ಟಿಯು ಕೇಳದು. ನಡೆಸುವವನು ಇಪ್ಪತ್ತರ ಹುಡುಗನೋ ಅರವತ್ತರ ಮುದುಕನೋ ಅದಕ್ಕೆ ಒಂದೇ.

ಎರಡನೆಯದು ಸ್ವಂತ ವಾಹನಕ್ಕೆ ಆಗುವ ಹಾನಿಯ ವಿಮೆ. ಇದು ಕಡ್ಡಾಯವಲ್ಲ, ಕಂಪನಿಗಳು ತಮ್ಮ ತಮ್ಮ ದರ ಹಾಕುವುವು. ವಾಹನದ ಈಗಿನ ಬೆಲೆ, ಅದರ ವಯಸ್ಸು, ಇಂಜಿನ್ನು, ನೋಂದಣಿಯಾದ ಸ್ಥಳ, ಇವನ್ನು ನೋಡಿ ಕಂತನ್ನು ಕಟ್ಟುವುದು ಹಿಂದಿನಿಂದ ಬಂದ ಕ್ರಮ. ಸ್ಥಳದ ವಿಚಾರವಾಗಿ ಒಂದು ಮಾತು: ಹಳೆಯ ದರಪುಸ್ತಕವು ಬೆಂಗಳೂರು, ಮುಂಬಯಿ, ಪುಣೆ ಮುಂತಾದ ಎಂಟು ನಗರಗಳನ್ನು ‘ಎ’ ವಲಯವೆಂದೂ ಉಳಿದ ದೇಶವನ್ನೆಲ್ಲ ‘ಬಿ’ ವಲಯವೆಂದೂ ವಿಂಗಡಿಸಿತ್ತು. ಗೋವೆಯೂ ಬಾಗಲಕೋಟೆಯೂ ಒಂದೇ ‘ಬಿ’ ವಲಯಕ್ಕೆ ಸೇರಿದವು. ಜಿ.ಎ. ಫಲಕವಿದ್ದರೆ ಕಡಿಮೆ, ಕೆ.ಎ. ಫಲಕವಿದ್ದರೆ ಹೆಚ್ಚು ಎಂದು ನಮ್ಮವರಲ್ಲಿ ಹಬ್ಬಿರುವ ಮಾತಿಗೆ ಹುರುಳಿಲ್ಲ. ಪೋಳೆಯ ಗಡಿಯನ್ನು ದಾಟಿದ ಮಾತ್ರಕ್ಕೆ ಪಾಲಿಸಿಯ ಬಲವು ಕುಂದುವುದೂ ಇಲ್ಲ. ಅದು ಇಡೀ ಭಾರತಕ್ಕೆ ಸಲ್ಲುವುದು.

ಹಾಗಾದರೆ ಯಾರು ನಡೆಸಬಹುದು? ಪಾಲಿಸಿಯಲ್ಲಿ ‘ಚಾಲಕರ ಕಲಮು’ ಎಂಬುದೊಂದಿದೆ. ಸಣ್ಣ ಅಕ್ಷರವಾದುದರಿಂದ ಯಾರೂ ಓದುವುದಿಲ್ಲ. ವಿಮೆ ಮಾಡಿಸಿದವನೂ ಸೇರಿದಂತೆ ಯಾವನೇ ವ್ಯಕ್ತಿ ನಡೆಸಬಹುದು, ಆದರೆ ಅಪಘಾತದ ಸಮಯದಲ್ಲಿ ಅವನ ಲೈಸೆನ್ಸು ಊರ್ಜಿತವಾಗಿರಬೇಕು, ಎಂಬುದು ಅದರ ತಾತ್ಪರ್ಯ. ಕಲಿಯುವ ಲೈಸೆನ್ಸಿನವನೂ ನಡೆಸಬಹುದು, ಪಕ್ಕದಲ್ಲಿ ಲೈಸೆನ್ಸುಳ್ಳವನು ಕುಳಿತು ನಿಯಮದಂತೆ ಕಲಿಸುತ್ತಿದ್ದರೆ. ಮಗ, ಅಳಿಯ, ನೆರೆಯವ ಎಲ್ಲರೂ ಆ ‘ಯಾವನೇ ವ್ಯಕ್ತಿ’ಯೊಳಗೆ ಅಡಕವಾಗಿಬಿಟ್ಟರು.

ಹೆಸರು ಸೇರಿಸುವ ಈ ಮಾತು ನಮ್ಮಲ್ಲಿಗೆ ಎಲ್ಲಿಂದ ಬಂದಿತು? ಬಹುಮಟ್ಟಿಗೆ ವಿಲಾಯತಿಯಿಂದ. ಗೋವೆಯಿಂದ ಬ್ರಿಟನ್ನಿಗೆ ಹೋದವರು ಈ ಸೀಮೆಯಲ್ಲಿ ಬಹಳ. ಅವರು ದೂರವಾಣಿಯಲ್ಲಿ ಹೇಳಿದುದು ಇಲ್ಲಿಯ ಚಹದಂಗಡಿಯಲ್ಲಿ ಕಾಯಿದೆಯಾಗಿಬಿಡುವುದು. ಅಲ್ಲಿ ವಿಮೆಯು ವಾಹನದೊಂದಿಗೆ ಚಾಲಕರನ್ನೂ ತೂಗಿ ನೋಡುತ್ತದೆ. ಯಾರು ಯಾರು ನಡೆಸುವರೆಂಬುದನ್ನು ಹೆಸರಿಟ್ಟು ಬರೆಸಬೇಕು. ಪ್ರತಿಯೊಬ್ಬನ ವಯಸ್ಸು, ಉದ್ಯೋಗ, ಲೈಸೆನ್ಸು ಪಡೆದು ಎಷ್ಟು ವರ್ಷ, ಹಿಂದಿನ ಅಪಘಾತಗಳು, ಎಲ್ಲವನ್ನೂ ಕೇಳುವರು. ಹೊಸದಾಗಿ ಕಲಿತ ಮಗನನ್ನು ತಂದೆಯ ಪಾಲಿಸಿಗೆ ಸೇರಿಸಿದರೆ ಕಂತು ಬಹಳವಾಗಿ ಏರುವುದು; ಬದಲಾಗಿ ಮಗನ ಪಾಲಿಸಿಗೆ ಅನುಭವಸ್ಥೆಯಾದ ತಾಯಿಯನ್ನು ಸೇರಿಸಿದರೆ ಕೆಲವೊಮ್ಮೆ ಇಳಿಯುವುದೂ ಉಂಟು. ಈ ಆಸೆಗೆ ಬಿದ್ದು, ನಿತ್ಯ ನಡೆಸುವವನು ಮಗನಾಗಿದ್ದರೂ ತಂದೆಯೇ ಮುಖ್ಯ ಚಾಲಕನೆಂದು ಬರೆಸಿದರೆ ಅದು ಅಲ್ಲಿ ವಂಚನೆಯೆನಿಸುತ್ತದೆ. ನಮ್ಮಲ್ಲಿಯೂ ನಡೆಸುವವನ ವಯಸ್ಸು ಅನುಭವಗಳನ್ನು ನೋಡಿ ದರ ಹಾಕುವ ಪ್ರಯೋಗವನ್ನು 2020ರಲ್ಲಿ ಒಂದು ಕಂಪನಿ ಮಾಡಿತು. 2022ರ ಜುಲೈಯಲ್ಲಿ ವಿಮಾ ಪ್ರಾಧಿಕಾರವು, ಓಡಿಸಿದಷ್ಟಕ್ಕೆ ಮತ್ತು ಓಡಿಸುವ ರೀತಿಗೆ ತಕ್ಕಂತೆ ಸ್ವಂತಹಾನಿಯ ಕಂತನ್ನು ಹಾಕಲು ಅನುಮತಿಯಿತ್ತಿತು. ಆದರೆ ನಮ್ಮ ಮನೆಗಳಲ್ಲಿರುವ ಪಾಲಿಸಿಗಳಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ಹಳೆಯ ಕ್ರಮದವೇ ಎಂದು, ಕಂಡಷ್ಟನ್ನು ನೋಡಿ, ನಮ್ಮ ಅಂದಾಜು.

ಹೆಸರು ಕಂತನ್ನು ಏರಿಸದೆಂದ ಮಾತ್ರಕ್ಕೆ ಹೊಸ ಕೈ ಸೇರಿದರೆ ಖರ್ಚೇ ಇಲ್ಲವೆಂದು ತಿಳಿಯಬಾರದು. ಖರ್ಚು ಬೇರೆ ಬಾಗಿಲಿನಿಂದ ಒಳಗೆ ಬರುತ್ತದೆ. ಕ್ಲೇಮು ಮಾಡದೆ ವರ್ಷ ಕಳೆದವನಿಗೆ ಸ್ವಂತಹಾನಿಯ ಕಂತಿನಲ್ಲಿ ಮೊದಲು ಶೇಕಡಾ 20, ಆಮೇಲೆ 25, 35, 45, ಕೊನೆಗೆ 50ರಷ್ಟು ರಿಯಾಯತಿ ದೊರೆಯುವುದು. ಇದನ್ನು ನೋ ಕ್ಲೇಮ್ ಬೋನಸ್ ಎನ್ನುವರು. ಇದು ವಾಹನದ್ದಲ್ಲ, ವಿಮೆ ಮಾಡಿಸಿದವನದು. ಹಳೆಯ ಕಾರನ್ನು ಮಾರಿದರೂ ಅವನೊಡನೆ ಹೊಸ ಕಾರಿಗೆ ಬರುವುದು. ಒಂದು ಲೆಕ್ಕ ಹಾಕೋಣ. ಸ್ವಂತಹಾನಿಯ ಪೂರ್ಣ ಕಂತು 8,000 ರೂಪಾಯಿ, ರಿಯಾಯತಿ ಅರ್ಧ, ಆದುದರಿಂದ ಕೊಡುವುದು 4,000. ಹೊಸದಾಗಿ ಕಲಿತ ಮಗನು ಮಾರುಕಟ್ಟೆಯ ತಿರುವಿನಲ್ಲಿ ಮುಂಬದಿಯ ಬಂಪರನ್ನು ಕಲ್ಲಿಗೆ ತಾಗಿಸಿದನು. ಬಂಪರು 4,000, ಕೂಲಿ 1,500. ಪ್ಲಾಸ್ಟಿಕ್ಕಿನ ಭಾಗಕ್ಕೆ ಸಾಮಾನ್ಯ ಪಾಲಿಸಿಯಲ್ಲಿ ಅರ್ಧವನ್ನೇ ಕೊಡುವರು. ಅದರ ಮೇಲೆ ಕಡ್ಡಾಯವಾಗಿ ನಾವು ಹೊರತಕ್ಕ 1,000 ರೂಪಾಯಿ ಕಳೆಯುವರು. ಕೈಗೆ ಬಂದುದು 2,500. ಮುಂದಿನ ವರ್ಷ ರಿಯಾಯತಿ ಸೊನ್ನೆ, 4,000 ಹೋಯಿತು. ಅದರ ಮರುವರ್ಷ ಶೇಕಡಾ 20ರಿಂದ ಮತ್ತೆ ಏರತೊಡಗುವುದರಿಂದ 2,400 ಹೋಯಿತು. ಆಮೇಲೆ 2,000, 1,200, 400. ಪೂರ್ಣ ಕಂತು ಅಷ್ಟೇ ಇರುವುದೆಂದು ಹಿಡಿದರೆ ಐದು ವರ್ಷಕ್ಕೆ 10,000. ವಾಹನದ ಬೆಲೆ ಇಳಿದಂತೆ ಈ ಮೊತ್ತ ತುಸು ಕಡಿಮೆಯಾದೀತು. ಆದರೂ ಎರಡೂವರೆ ಸಾವಿರದ ಆಸೆಗೆ ಅದರ ಮೂರು ನಾಲ್ಕು ಪಟ್ಟು ತೆತ್ತಂತಾಯಿತು. ಚಿಕ್ಕ ಗೀರುಗಳನ್ನು ಕೈಯಿಂದ ತೆತ್ತು, ದೊಡ್ಡ ಹಾನಿಗೆ ವಿಮೆಯನ್ನು ಕಾದಿರಿಸುವುದೇ ಮೇಲೆಂದು ನಮ್ಮ ಅಭಿಪ್ರಾಯ. ಇನ್ನೊಂದು: ಅವಧಿ ಮುಗಿದ 90 ದಿನಗಳೊಳಗೆ ನವೀಕರಿಸದಿದ್ದರೆ ಕೂಡಿಟ್ಟ ರಿಯಾಯತಿಯೆಲ್ಲ ಮಣ್ಣುಪಾಲು.

ಇನ್ನು ನಾವು ಮುಖ್ಯವಾಗಿ ಹೇಳಬೇಕಾದುದಕ್ಕೆ ಬರುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮವರದೇ ಒಂದು ಮನೆಯ ಕಾರು ರಾತ್ರಿಯ ಹೊತ್ತು ಬಾಳ್ಳಿಯ ಕಡೆಯಿಂದ ಬರುವಾಗ ಮೋರಿಯ ಗೋಡೆಗೆ ಅಪ್ಪಳಿಸಿತು. ನಡೆಸುತ್ತಿದ್ದವನು ಮಗ, ಅವನ ಲೈಸೆನ್ಸಿನಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಹಣೆಗೆ ಏಟಾಗಿತ್ತು, ಪುಣ್ಯಕ್ಕೆ ಪ್ರಾಣ ಉಳಿಯಿತು. ಮರುದಿನ ತಂದೆಯು ಕ್ಲೇಮು ಅರ್ಜಿಯನ್ನು ತುಂಬುವಾಗ ಚಾಲಕನ ಹೆಸರಿನ ಮುಂದೆ ತನ್ನ ಹೆಸರನ್ನೇ ಬರೆದನು. “ಗಾಡಿ ನನ್ನ ಹೆಸರಿಲೆ ಐತಿ, ಹುಡುಗನ ಹೆಸರ ಪಾಲಿಸಿಯಾಗ ಇಲ್ಲ, ಖರೇ ಬರದ್ರ ರೊಕ್ಕ ಬರಂಗಿಲ್ಲ” ಎಂದು ಯಾರೋ ಹಿತೈಷಿಗಳು ಬೋಧಿಸಿದ್ದರಂತೆ. ಆದರೆ ಆಸ್ಪತ್ರೆಯ ಕಾಗದದಲ್ಲಿ, ಕಾರು ನಡೆಸುತ್ತಿದ್ದಾಗ ಗಾಯವಾಯಿತೆಂದು ಮಗನ ಹೆಸರು ದಾಖಲಾಗಿಹೋಗಿತ್ತು. ಸಮೀಕ್ಷಕನು ಎರಡು ಕಾಗದಗಳನ್ನೂ ಅಕ್ಕಪಕ್ಕ ಇಟ್ಟನು. ಸುಳ್ಳು ಹೇಳಿಕೆಯೆಂದು ಕ್ಲೇಮು ತಿರಸ್ಕೃತವಾಯಿತು. ಲಕ್ಷಕ್ಕೆ ಮಿಕ್ಕಿದ ದುರಸ್ತಿಗೆ ಆ ತಾಯಿಯ ಬಳೆಗಳು ಒತ್ತೆಗೆ ಹೋದುದನ್ನು ನಾವು ಬಲ್ಲೆವು. ನಿಜವನ್ನು ಬರೆದಿದ್ದರೆ ಆ ಹಣ ಬರುವುದಕ್ಕೆ ಏನೇನೂ ಅಡ್ಡಿಯಿರಲಿಲ್ಲ. ಇಲ್ಲದ ಒಂದು ನಿಯಮಕ್ಕೆ ಹೆದರಿ ಇರುವ ಹಕ್ಕನ್ನು ಕಳೆದುಕೊಂಡ ಆ ತಂದೆಯು ಇಂದಿಗೂ ಆ ವಿಷಯವನ್ನು ಎತ್ತಿದರೆ ಮಾತು ಬದಲಾಯಿಸುವನು. ಅವನನ್ನು ಹಳಿಯಲು ನಮಗೆ ಮನಸ್ಸಿಲ್ಲ. ಇದನ್ನು ಅವನಿಗೆ ಮೊದಲೇ ತಿಳಿಸಬೇಕಾಗಿದ್ದವರು ನಾವು ನೀವು.

ಕಾರಿನ ತಗಡು ಹೋದರೆ ಹೋಯಿತು. ನಡೆಸುವವನ ದೇಹಕ್ಕೆ ಏನಾದರೂ ಆದರೆ? ಇಲ್ಲಿ ಮಾತ್ರ ಹೆಸರಿಗೆ ಬೆಲೆಯಿದೆ, ಮತ್ತು ಇದನ್ನೇ ಜನರು ಕೇಳುವುದಿಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯದೇ ಒಂದು ಪ್ರಕರಣವು ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ತೀರ್ಮಾನವಾಯಿತು. ಒಬ್ಬನು ಇನ್ನೊಬ್ಬರ ಮೋಟಾರು ಸೈಕಲ್ಲನ್ನು ಕೇಳಿ ಪಡೆದು ಇಳಕಲ್ಲಿನಿಂದ ತನ್ನೂರಾದ ಗುಡೂರಿಗೆ ಹೊರಟಿದ್ದನು. ಕಬ್ಬಿಣದ ತಗಡು ಹೇರಿದ್ದ ಎತ್ತಿನ ಬಂಡಿಯೊಂದು ಮುಂದೆ ಥಟ್ಟನೆ ನಿಂತಿತು. ಅವನು ಅದಕ್ಕೆ ತಾಗಿ, ಆಸ್ಪತ್ರೆಯ ದಾರಿಯಲ್ಲಿಯೇ ಪ್ರಾಣ ಬಿಟ್ಟನು. ವಿಮೆಯಿದ್ದ ವಾಹನವೇ. ಆದರೆ ವಾಹನವನ್ನು ಎರವಲು ಪಡೆದವನು ಯಜಮಾನನ ಸ್ಥಾನದಲ್ಲಿಯೇ ನಿಂತಂತೆ. ಪರಿಹಾರ ಕೊಡತಕ್ಕ ಸ್ಥಾನದಲ್ಲಿರುವವನು ಪರಿಹಾರ ಪಡೆಯತಕ್ಕ ಮೂರನೆಯ ಪಕ್ಷದವನಾಗಲಾರನು. ಆದುದರಿಂದ, ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡಿಸುತ್ತಿದ್ದ ಅಂದಿನ 163-ಎ ಕಲಮು ಅವನ ವಾರಸುದಾರರಿಗೆ ಸಲ್ಲದು, ಎಂದು ನ್ಯಾಯಾಲಯವು ಹೇಳಿತು. ಬೇರೊಂದು ಕಲಮಿನ ಕೆಳಗೆ ವಿಚಾರಿಸಲು ಹೈಕೋರ್ಟಿಗೆ ಮರಳಿಸಿತು. 2020ರ ಇನ್ನೊಂದು ತೀರ್ಪಿನಲ್ಲಿಯೂ ಎರವಲು ವಾಹನದ ಸವಾರನನ್ನು ಹಾಗೆಯೇ ಕಂಡು, ಪಾಲಿಸಿಯಲ್ಲಿದ್ದ ಯಜಮಾನನ ವೈಯಕ್ತಿಕ ಅಪಘಾತ ವಿಮೆಯ 1 ಲಕ್ಷ ರೂಪಾಯಿಯನ್ನು ಮಾತ್ರ ಕೊಡಿಸಲಾಯಿತು.

ಆ ವೈಯಕ್ತಿಕ ಅಪಘಾತ ವಿಮೆಯ ಮೊತ್ತವು ಹಿಂದೆ ದ್ವಿಚಕ್ರಕ್ಕೆ 1 ಲಕ್ಷ, ಕಾರಿಗೆ 2 ಲಕ್ಷ ಇದ್ದುದು 2018ರಲ್ಲಿ 15 ಲಕ್ಷಕ್ಕೆ ಏರಿತು. ವಾಹನ ನಡೆಸುವ ಯಜಮಾನನು ಇದನ್ನು ಪಡೆದಿರಲೇಬೇಕು; ಬೇರೆ ಕಡೆ ಅಷ್ಟೇ ಮೊತ್ತದ ಅಪಘಾತ ವಿಮೆಯಿದ್ದರೆ ಮಾತ್ರ ಬಿಡಬಹುದು. ಎರಡು ಮೂರು ವಾಹನಗಳಿದ್ದವರಿಗೆ ಒಂದೇ ಸಾಕು. ಇದಕ್ಕೆ ಮೂರು ನಿಬಂಧನೆಗಳುಂಟು: ಅವನೇ ನೋಂದಾಯಿತ ಯಜಮಾನನಾಗಿರಬೇಕು, ಪಾಲಿಸಿ ಅವನ ಹೆಸರಿನಲ್ಲಿರಬೇಕು, ಅವನಲ್ಲಿ ಊರ್ಜಿತ ಲೈಸೆನ್ಸಿರಬೇಕು. ಈಗ ತಮ್ಮ ತಮ್ಮ ಮನೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಲಕ್ಷ್ಮಿಯ ಹೆಸರಿನಲ್ಲಿರಲೆಂದು ಕಾರನ್ನು ಹೆಂಡತಿಯ ಹೆಸರಿಗೆ ತೆಗೆದುಕೊಂಡವರು ಈ ಸಭೆಯಲ್ಲಿ ಎಷ್ಟು ಮಂದಿ! ಭಾವನೆ ಒಳ್ಳೆಯದೇ. ಆದರೆ ಆಕೆಗೆ ಲೈಸೆನ್ಸಿಲ್ಲ; ಆದುದರಿಂದ ಆಕೆಗೆ ಈ ರಕ್ಷೆ ಸಲ್ಲದು. ನಿತ್ಯ ನಡೆಸುವ ಗಂಡನು ಯಜಮಾನನಲ್ಲ, ಅವನಿಗೂ ಸಲ್ಲದು. ಊರಲ್ಲಿರುವ ವೃದ್ಧ ತಂದೆಯ ಹೆಸರಿನ ಬೈಕನ್ನು ಇಲ್ಲಿ ಕೆಲಸಕ್ಕೆ ಒಯ್ಯುವ ಮಗನ ಪಾಡೂ ಅಷ್ಟೇ. ಕೊಂಡ ಹಳೆಯ ಕಾರನ್ನು ಹೆಸರಿಗೆ ಮಾಡಿಸಿಕೊಳ್ಳದೆ ವರ್ಷಗಟ್ಟಲೆ ಓಡಿಸುವವರ ಸ್ಥಿತಿಯಂತೂ ಇನ್ನೂ ಕೆಟ್ಟುದು: ಮೂರನೆಯ ಪಕ್ಷದ ವಿಮೆಯು ಕಾಯಿದೆಯ 157ನೆಯ ಕಲಮಿನಂತೆ ಕೊಂಡವನಿಗೆ ವರ್ಗವಾದೀತು, ಸ್ವಂತಹಾನಿಯದು ತಾನಾಗಿ ಬರುವುದಿಲ್ಲ. ಕೊಂಡ 14 ದಿನಗಳೊಳಗೆ ವಿಮೆಯವರಿಗೆ ಅರ್ಜಿ ಕೊಡಬೇಕು.

ಇದಕ್ಕೆ ಉಪಾಯವಿಲ್ಲದಿಲ್ಲ. ಹೆಸರಿಸಿದ ವ್ಯಕ್ತಿಗಳಿಗೆ ಅಪಘಾತ ರಕ್ಷೆಯೆಂಬ ಒಂದು ಸೇರ್ಪಡೆಯನ್ನು ಕಾರಿನ ಪಾಲಿಸಿಗೆ ಮಾಡಿಸಬಹುದು. ಚಾಲಕನ ಹೆಸರು ಸೇರಿಸಿದರೆ ಹಣ ಏರುವುದೇ ಎಂಬ ಪ್ರಶ್ನೆಗೆ ‘ಹೌದು, ಅಲ್ಪ’ ಎಂಬ ಉತ್ತರ ಸಿಕ್ಕುವುದು ಇದೊಂದು ಕಡೆ. ಆದರೆ ಇದರ ಮೊತ್ತ ಚಿಕ್ಕದು. ನಡೆಸುವವನು ತನ್ನದೇ ಪ್ರತ್ಯೇಕ ಅಪಘಾತ ಪಾಲಿಸಿಯನ್ನು ಮಾಡಿಸುವುದು ಉತ್ತಮ. ಅದಕ್ಕೂ ಕೈ ಸಾಲದವರು ಬ್ಯಾಂಕಿನ ಖಾತೆಯ ಮೂಲಕ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಲಿ. 18ರಿಂದ 70 ವಯಸ್ಸಿನವರಿಗೆ 2 ಲಕ್ಷದ ಅಪಘಾತ ವಿಮೆ. 2015ರಲ್ಲಿ ಆರಂಭವಾದಾಗ ವರ್ಷಕ್ಕೆ 12 ರೂಪಾಯಿ ಇದ್ದುದನ್ನು 2022ರ ಜೂನಿನಿಂದ 20 ಮಾಡಿರುವರು. ಎರಡು ಸಲದ ಚಹದ ಹಣ. ಸಂಬಳ ಕೊಟ್ಟು ಚಾಲಕನನ್ನಿಟ್ಟವರು ಆ ಚಾಲಕನ ಕುರಿತಾದ ಹೊಣೆಯನ್ನು ಪಾಲಿಸಿಯಲ್ಲಿ ಸೇರಿಸಲಿ. ಅಲ್ಲಿಯೂ ಹೆಚ್ಚುವುದು ಅಲ್ಪ ಮೊತ್ತವೇ, ಚಾಲಕರು ಎಷ್ಟು ಮಂದಿಯೆಂಬುದರ ಮೇಲೆ.

ಲೈಸೆನ್ಸಿನ ವಿಷಯವನ್ನು ಉದ್ದ ಮಾಡುವುದಿಲ್ಲ. ಹಿಂದಿನಿಂದ ಊಟದ ಘಮಲು ಬರುತ್ತಿದೆ. ಲೈಸೆನ್ಸಿಲ್ಲದವನ ಕೈಗೆ ಯಜಮಾನನು ತಿಳಿದೂ ವಾಹನ ಕೊಟ್ಟರೆ, 2004ರ ಸುಪ್ರೀಂ ಕೋರ್ಟಿನ ತೀರ್ಪಿನ ಮೇರೆಗೆ, ಗಾಯಗೊಂಡವರಿಗೆ ಕಂಪನಿಯು ಮೊದಲು ಹಣ ಕೊಟ್ಟು ಆಮೇಲೆ ಯಜಮಾನನಿಂದ ವಸೂಲು ಮಾಡಬಹುದು. ಆ ವಸೂಲಿಗೆ ಊರ ಹೊಲವೂ ಸಾಲದೆ ಹೋದೀತು. ಹದಿನೆಂಟು ತುಂಬದ ಹುಡುಗನು ನಡೆಸಿ ಅಪರಾಧವಾದರೆ, 2019ರ ತಿದ್ದುಪಡಿಯ ಪ್ರಕಾರ ಪೋಷಕನಿಗೆ ಅಥವಾ ಯಜಮಾನನಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ, ವಾಹನದ ನೋಂದಣಿ ಒಂದು ವರ್ಷ ರದ್ದು. ವಸಾಹತಿನಲ್ಲಿ ಚಿಕ್ಕ ಟೆಂಪೊ ನಡೆಸುವ ತರುಣರಿಗೆ ಸಮಾಧಾನದ ಸುದ್ದಿಯೊಂದುಂಟು: ಹಗುರ ವಾಹನದ ಲೈಸೆನ್ಸಿನವನು 7,500 ಕಿಲೊ ತೂಕದೊಳಗಿನ ಸಾರಿಗೆ ವಾಹನವನ್ನು ನಡೆಸಬಹುದೆಂದು ಸಂವಿಧಾನ ಪೀಠವು 2024ರ ನವೆಂಬರಿನಲ್ಲಿ ತೀರ್ಮಾನಿಸಿತು.

ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿರುವರು. ಪಾಲಿಸಿಯನ್ನೂ ಆರ್.ಸಿ.ಯನ್ನೂ ಜೊತೆಯಲ್ಲಿ ತರಬೇಕೆಂದು ಆಮಂತ್ರಣ ಪತ್ರಿಕೆಯಲ್ಲಿಯೇ ಬಿನ್ನವಿಸಿದ್ದೆವು. ತಂದವರು ಊಟವಾದ ಮೇಲೆ ವೇದಿಕೆಯ ಎಡಗಡೆಯ ಕೋಣೆಗೆ ಬರಬೇಕು. ಎರಡೂ ಕಾಗದಗಳಲ್ಲಿ ಹೆಸರು ಒಂದೇ ಇದೆಯೇ, ನಡೆಸುವವನ ದೇಹಕ್ಕೆ ರಕ್ಷೆಯಿದೆಯೇ, ಲೈಸೆನ್ಸಿನ ತಾರೀಖು ಮುಗಿದಿದೆಯೇ, ಇಷ್ಟನ್ನು ಕೂಡಿ ನೋಡೋಣ. ಕಳೆದ ವರ್ಷ ಪ್ರಶ್ನೆ ಕೇಳಿದ ಆ ಹಿರಿಯರು ಮೂರನೆಯ ಸಾಲಿನಲ್ಲಿ ಕುಳಿತಿರುವುದು ಕಾಣುತ್ತಿದೆ, ಮಗನನ್ನೂ ಕರೆತಂದಿರುವರು. ಮೊದಲ ಸರದಿ ಅವರದು.